ದೀಪ ಆರಿಸಿ ಕೂತರೆ ಆಮೆ ಬರುತ್ತದೆ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ಈ ಸಭಾಂಗಣದ ದೀಪಗಳನ್ನೆಲ್ಲ ಎರಡು ನಿಮಿಷ ಆರಿಸಲು ಹೇಳಿದ್ದೇನೆ. ಮೊಬೈಲ್ ಇರುವವರು ಅದನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಸುಮ್ನೆ ಕೂತಿರಿ, ಅಷ್ಟೇ.

(ದೀಪ ಆರಿತು. ಎರಡು ನಿಮಿಷ ಯಾರೂ ಮಾತಾಡಲಿಲ್ಲ.)

ಮೊದಲು ಏನೂ ಕಾಣಲಿಲ್ಲ ಅಲ್ವಾ? ಆಮೇಲೆ ಬಾಗಿಲ ಸಂದಿಯ ಬೆಳಕು ಕಂಡಿತು, ಮುಂದಿನ ಸಾಲಿನವರ ತಲೆ ಕಂಡಿತು, ಕುರ್ಚಿಯ ಅಂಚು ಕಂಡಿತು. ಇದು ಎರಡೇ ನಿಮಿಷದಲ್ಲಿ ಆದದ್ದು. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಯಾರಾದರೂ ಒಂದೇ ಒಂದು ಸಲ ಮೊಬೈಲ್ ಬೆಳಗಿಸಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು. ರಜೆಗೆ ಹೋದಾಗ ಕಡಲಾಮೆ ನೋಡಬೇಕು ಅಂತ ಆಸೆ ಇರುವವರಿಗೆ ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ಎರಡು ನಿಮಿಷದಲ್ಲೇ ಬಂದುಹೋಯಿತು. ಆಮೆ ನೋಡಲು ಬೆಳಕು ಬೇಡ. ಕತ್ತಲು ಬೇಕು, ತಾಳ್ಮೆ ಬೇಕು.

ನನಗೆ ಇದು ಮೊದಲೇ ಗೊತ್ತಿರಲಿಲ್ಲ. ಉಷ್ಣವಲಯದ ಒಂದು ಕಡಲ ತೀರಕ್ಕೆ ರಜೆಗೆ ಹೋಗಿದ್ದೆ. ರಾತ್ರಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ ಎಂದು ಕೇಳಿದ್ದೇ ತಡ, ಒಳ್ಳೆಯ ಟಾರ್ಚು, ಬಿಳಿ ಅಂಗಿ, ಪೂರ್ತಿ ಚಾರ್ಜ್ ಆದ ಮೊಬೈಲ್ ಎಲ್ಲ ಸಜ್ಜು ಮಾಡಿಕೊಂಡು ಹೊರಟೆ. ಅಲ್ಲಿಯ ಗೈಡ್ ವಯಸ್ಸಾದವರು, ಜಾಸ್ತಿ ಮಾತಿಲ್ಲ. ಟಾರ್ಚನ್ನು ಕೈಯಿಂದ ತೆಗೆದುಕೊಂಡರು. ಅಂಗಿ ಬದಲಾಯಿಸಿ ಬನ್ನಿ, ಕಪ್ಪು ಬಣ್ಣದ್ದು ಹಾಕಿಕೊಳ್ಳಿ ಎಂದರು. ಮೊಬೈಲ್ ಕೋಣೆಯಲ್ಲೇ ಇರಲಿ ಎಂದರು. ಆಮೇಲೆ ಎಂಟು ಜನರನ್ನು ಮರಗಳ ಅಂಚಿನಲ್ಲಿ ಸಾಲಾಗಿ ಕೂರಿಸಿ, ಆಮೆ ಬರುವವರೆಗೆ ಇಲ್ಲೇ, ಯಾರೂ ಏಳಬೇಡಿ ಎಂದರು.

ಮೂರು ಗಂಟೆ ಕೂತೆವು. ಏನೂ ಬರಲಿಲ್ಲ. ಎದ್ದು ಬಂದೆವು.

ಅದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅದೂ ಇದರ ಭಾಗ. ರಜೆಯಲ್ಲಿ ನಮಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. ಆಮೆಗೆ ನಮ್ಮ ರಜೆ ಗೊತ್ತಿಲ್ಲ. ಮೊದಲ ರಾತ್ರಿ ಆಮೆ ಕಾಣದೆ ಬೇಸರವಾಯಿತು ನಿಜ, ಆದರೆ ಅಷ್ಟು ಹೊತ್ತು ಕಡಲ ಮುಂದೆ ಸುಮ್ಮನೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಲೆ ಒಡೆಯುವಾಗ ನೊರೆಗೆ ತನ್ನದೇ ಒಂದು ಮಸುಕು ಬೆಳಕು ಇರುತ್ತದೆ ಎಂದು ಅವತ್ತು ಗೊತ್ತಾಯಿತು.

ಎರಡನೆಯ ರಾತ್ರಿ ಆಮೆ ಬಂತು.

ಮೊದಲು ಕಂಡದ್ದು ಆಮೆ ಅಲ್ಲ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಒಂದು ಬಂಡೆ ಉಳಿದುಕೊಂಡಿತು. ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿ ಬಂಡೆ ಇರಲಿಲ್ಲ. ಮುಂದಿನ ಅಲೆ ಬಂತು, ಹೋಯಿತು, ಬಂಡೆ ಇನ್ನೊಂದು ಮಾರು ಮೇಲೆ ಬಂದಿತ್ತು. ನನ್ನ ಪಕ್ಕದಲ್ಲಿದ್ದವರು ನನ್ನ ಮೊಣಕೈ ಹಿಡಿದುಕೊಂಡರು. ಯಾರೂ ಉಸಿರೆತ್ತಲಿಲ್ಲ. ಅದು ನಿಲ್ಲುತ್ತದೆ, ತಲೆ ಎತ್ತುತ್ತದೆ, ಒಂದು ದೊಡ್ಡ ನಿಟ್ಟುಸಿರು ಬಿಡುತ್ತದೆ, ಮತ್ತೆ ನಾಲ್ಕು ಹೆಜ್ಜೆ ತೆವಳುತ್ತದೆ, ಮತ್ತೆ ನಿಲ್ಲುತ್ತದೆ. ಆ ಉಸಿರಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೀರಿನಲ್ಲಿ ಹಗುರಾಗಿ ತೇಲುವ ಪ್ರಾಣಿ ಅದು. ನೆಲಕ್ಕೆ ಬಂದ ಕೂಡಲೇ ತನ್ನದೇ ಭಾರ ತನಗೆ ಹೊರೆಯಾಗುತ್ತದೆ. ಅದು ಹಸಿರು ಆಮೆ, ದೊಡ್ಡದಾದರೆ ನೂರೈವತ್ತು ಕಿಲೋ ತೂಗುವಂಥದ್ದು. ಹಸಿರು ಆಮೆ ಎಂಬ ಹೆಸರು ಚಿಪ್ಪಿನಿಂದ ಬಂದದ್ದಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ ಬಂದದ್ದು. ದೊಡ್ಡದಾದ ಮೇಲೆ ಇದು ಹೆಚ್ಚಾಗಿ ಕಡಲಹುಲ್ಲನ್ನೇ ಮೇಯುತ್ತದೆ.

ಈ ಹೊತ್ತಿನಲ್ಲೇ ಆಮೆ ಹೆದರುವುದು ಜಾಸ್ತಿ. ನೀರಿನಿಂದ ಹೊರಬಂದು ಗುಂಡಿ ತೋಡಿ ಮುಗಿಸುವವರೆಗೆ ಒಂದು ಬೆಳಕು, ಒಂದು ಓಡಾಟ, ಒಂದು ನೆರಳು ಸಾಕು, ತಿರುಗಿ ಕಡಲಿಗೆ ಹೋಗಿಬಿಡುತ್ತದೆ. ಅದಕ್ಕೇ ಗೈಡ್ ನಮ್ಮನ್ನು ಕೂರಿಸಿ ತಾವೊಬ್ಬರೇ ಬಹಳ ದೂರದಿಂದ ಸುತ್ತು ಹಾಕಿ ಹಿಂದಿನಿಂದ ಹೋಗಿ ನೋಡಿ ಬರುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ಕೈ ಬೀಸಿ ಕರೆದರು. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಆಮೆ ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ. ಆಗ ಹಿಂದಿನಿಂದ, ಅದರ ಕಣ್ಣಿಗೆ ಬೀಳದ ಹಾಗೆ, ಒಬ್ಬರ ಹಿಂದೆ ಒಬ್ಬರು ಹೋಗಿ ಮಂಡಿಯೂರಿ ಕೂತೆವು. ಗೈಡ್ ಹತ್ತಿರ ಮಾತ್ರ ಒಂದು ಸಣ್ಣ ಕೆಂಪು ದೀಪ ಇತ್ತು. ಕೆಂಪು ಬೆಳಕು ಆಮೆಗಳ ಕಣ್ಣಿಗೆ ಅಷ್ಟಾಗಿ ತಟ್ಟುವುದಿಲ್ಲ. ಅದನ್ನೂ ಅವರು ಗುಂಡಿಯ ಒಳಗೆ ಮಾತ್ರ ಹಿಡಿದರು.

ಆ ಗುಂಡಿಯನ್ನು ಅದು ಹೇಗೆ ತೋಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದೇ ರಾತ್ರಿ ಆಮೇಲೆ ಬಂದ ಇನ್ನೊಂದು ಆಮೆ ನಾವು ಕೂತಲ್ಲಿಂದ ಏಳೆಂಟು ಮಾರು ದೂರದಲ್ಲೇ, ನಮಗೆ ಬೆನ್ನು ಹಾಕಿ ತೋಡಲು ಶುರು ಮಾಡಿತು. ಹಾಗಾಗಿ ಚಂದ್ರನ ಬೆಳಕಿನಲ್ಲಿ ಕಣ್ಣಾರೆ ನೋಡಿದೆ. ಮೊದಲು ಮುಂಗಾಲುಗಳಿಂದ ಮೇಲಿನ ಒಣ ಮರಳನ್ನು ಎರಚಿ, ಮೈ ಇಳಿಯುವಷ್ಟು ದೊಡ್ಡ ತಗ್ಗು ಮಾಡುತ್ತದೆ. ಆಮೇಲೆ ಕೆಲಸವೆಲ್ಲ ಹಿಂಗಾಲುಗಳದ್ದು. ಎಡ ಹಿಂಗಾಲು ನಿಧಾನವಾಗಿ ಕೆಳಗಿಳಿಯುತ್ತದೆ. ತುದಿ ಬೊಗಸೆಯ ಹಾಗೆ ಮಡಚಿಕೊಳ್ಳುತ್ತದೆ. ಒಂದು ಹಿಡಿ ಮರಳು ಎತ್ತಿ, ಒಂದು ಕಾಳು ಚೆಲ್ಲದ ಹಾಗೆ ಮೇಲೆ ತಂದು ಪಕ್ಕಕ್ಕೆ ಇಡುತ್ತದೆ. ಅಷ್ಟರಲ್ಲಿ ಬಲ ಹಿಂಗಾಲು ಅಂಚಿನಲ್ಲಿ ಬಿದ್ದ ಮರಳನ್ನು ಫಟ್ ಅಂತ ಮುಂದಕ್ಕೆ ಒದ್ದು, ತಾನು ಒಳಗೆ ಇಳಿಯುತ್ತದೆ. ಎಡ, ಬಲ, ಎಡ, ಬಲ. ತೋಡುವ ಜಾಗವನ್ನು ಅದು ತಿರುಗಿ ಒಮ್ಮೆಯೂ ನೋಡುವುದಿಲ್ಲ. ನೋಡಲು ಆಗುವುದೂ ಇಲ್ಲ. ಬರೀ ಕಾಲಿನ ಸ್ಪರ್ಶದಲ್ಲಿ, ಕೆಳಗೆ ಅಗಲ ಮೇಲೆ ಕಿರಿದು, ಹೂಜಿಯ ಆಕಾರದ ಗುಂಡಿ. ಕಾಲು ಎಷ್ಟು ಚಾಚಿದರೂ ಮರಳು ಎಟುಕದಾದಾಗ ನಿಲ್ಲಿಸುತ್ತದೆ. ಹಿಂಗಾಲು ಒಂದು ತುಂಡಾದ ಆಮೆಗಳೂ ಬರುತ್ತವಂತೆ. ಆ ಮೊಂಡು ಕಾಲೂ ತನ್ನ ಸರದಿ ಬಂದಾಗ ಗಾಳಿಯಲ್ಲೇ ಅದೇ ಕೆಲಸ ಮಾಡುತ್ತದೆ ಎಂದು ಗೈಡ್ ಹೇಳಿದಾಗ ನನಗೆ ಗಂಟಲು ಕಟ್ಟಿತು.

ಮೊಟ್ಟೆಗಳು ಪಿಂಗ್‌ಪಾಂಗ್ ಚೆಂಡಿನಷ್ಟು. ಬಿಳಿ, ದುಂಡಗೆ, ಒದ್ದೆ. ಕೋಳಿಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ತೊಗಲಿನ ಹಾಗೆ ಮೆತ್ತಗೆ, ಅದಕ್ಕೇ ಒಂದರ ಮೇಲೊಂದು ಬಿದ್ದರೂ ಒಡೆಯುವುದಿಲ್ಲ. ಎರಡು, ಮೂರು, ಒಂದು, ಮತ್ತೆ ಎರಡು, ಹೀಗೆ ನೂರು ನೂರ ಹತ್ತರವರೆಗೆ. ಒಂದು ಹಂಗಾಮಿನಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಹೀಗೆ ಹಲವು ಸಲ ಬರುತ್ತದೆ, ಆಮೇಲೆ ಎರಡು, ಮೂರು, ನಾಲ್ಕು ವರ್ಷ ಬರುವುದಿಲ್ಲ.

ಅದರ ಕಣ್ಣಲ್ಲಿ ನೀರು ಸುರಿಯುತ್ತಿತ್ತು ಎಂದು ನೋಡಿ ಬಂದವರೆಲ್ಲ ಹೇಳುತ್ತಾರೆ. ಸುರಿಯುವುದು ನಿಜ. ಕಡಲ ನೀರಿನ ಜೊತೆ ಮೈಗೆ ಸೇರುವ ಉಪ್ಪನ್ನು ಕಣ್ಣಿನ ಪಕ್ಕದ ಗ್ರಂಥಿಗಳು ಹೊರಹಾಕುತ್ತವೆ. ನೀರಿನಲ್ಲಿದ್ದಾಗಲೂ ಅದು ನಡೆಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಕಾರಣ ಗೊತ್ತಾದ ಮೇಲೂ, ಮರಳು ಮೆತ್ತಿದ ಆ ಕಣ್ಣಂಚನ್ನು ನೋಡಿ ನನ್ನ ಕಣ್ಣೂ ಒದ್ದೆಯಾಯಿತು.

ಇಡುವುದು ಮುಗಿದ ಮೇಲೆ ಮುಚ್ಚುತ್ತದೆ, ಹಿಂಗಾಲಿನಿಂದ ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಆಮೇಲೆ ಸುತ್ತಮುತ್ತ ಮರಳು ಎರಚಿ ಎಲ್ಲಿ ಇಟ್ಟಿದೆ ಎಂಬುದೇ ತಿಳಿಯದ ಹಾಗೆ ಮಾಡುತ್ತದೆ. ಆ ಮರಳು ನಮ್ಮ ಮುಖಕ್ಕೂ ಬಿತ್ತು, ಯಾರೂ ಒರೆಸಿಕೊಳ್ಳಲಿಲ್ಲ. ಮೇಲೆ ಬಂದದ್ದರಿಂದ ಹಿಡಿದು ನೀರಿಗೆ ಇಳಿಯುವವರೆಗೆ ಎರಡು ಗಂಟೆಯೇ ಆಗಿತ್ತು.

ಈಗ ಸ್ವಲ್ಪ ಕಷ್ಟದ ಮಾತು. ಮೂರನೆಯ ರಾತ್ರಿ ಗೈಡ್ ಇಲ್ಲದ ಒಂದು ಗುಂಪು ಅದೇ ತೀರಕ್ಕೆ ಬಂತು. ಆಮೆಯೊಂದು ಆಗಷ್ಟೇ ನೀರಿನಿಂದ ಹೊರಬಂದು ಅರ್ಧ ದಾರಿಯಲ್ಲಿತ್ತು. ಅವರಲ್ಲೊಬ್ಬರು ಓಡಿ ಹೋಗಿ ಎದುರಿಗೆ ನಿಂತು ಫ್ಲಾಶ್ ಹಾಕಿ ಫೋಟೋ ತೆಗೆದರು. ಕೆಟ್ಟ ಜನ ಅಲ್ಲ ಅವರು, ಖುಷಿ ತಡೆಯಲಾಗಲಿಲ್ಲ ಅಷ್ಟೇ. ಆಮೆ ನಿಂತಿತು. ತಲೆ ತಗ್ಗಿಸಿತು. ಆಮೇಲೆ ಅಷ್ಟು ದೊಡ್ಡ ಮೈಯನ್ನು ನಿಧಾನವಾಗಿ, ಒಂದೊಂದೇ ಕಾಲು ಎಳೆದು ತಿರುಗಿಸಿಕೊಂಡು ಕಡಲಿಗೆ ಹೊರಟಿತು. ಅದು ತಿರುಗಿದ ಜಾಗದಲ್ಲಿ ಮರಳಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗುರುತು ಉಳಿಯಿತು. ನಮ್ಮ ಗೈಡ್ ಬೈಯಲಿಲ್ಲ. ಆ ಗುಂಪಿನವರನ್ನು ಕರೆದು ನಮ್ಮ ಜೊತೆ ಕೂರಿಸಿಕೊಂಡರು.

ಇದು ಒಂದು ಆಮೆಯ ಮಾತು. ಕೋಸ್ಟರಿಕಾದ ಒಸ್ಟಿಯೊನಾಲ್ ತೀರದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಇದೇ ದೊಡ್ಡ ಮಟ್ಟದಲ್ಲಿ ನಡೆಯಿತು. ಅಲ್ಲಿ ಆಲಿವ್ ರಿಡ್ಲಿ ಆಮೆಗಳು ಒಂದೆರಡಲ್ಲ, ಸಾವಿರಾರು ಒಟ್ಟಿಗೇ ಬರುತ್ತವೆ. ಇದಕ್ಕೆ ಅರಿಬಾಡಾ ಎನ್ನುತ್ತಾರೆ, ಸ್ಪ್ಯಾನಿಷ್‌ನಲ್ಲಿ ಆಗಮನ ಎಂದು ಅರ್ಥ. ಒಡಿಶಾದ ಗಹೀರ್‌ಮಥಾ, ಋಷಿಕುಲ್ಯದಲ್ಲೂ ಹೀಗೇ ಬರುತ್ತವೆ. ಆ ದಿನ ಒಸ್ಟಿಯೊನಾಲ್‌ನಲ್ಲಿ ನೋಡಲು ಬಂದವರ ಸಂಖ್ಯೆ ಎಷ್ಟಾಯಿತೆಂದರೆ ಆಮೆಗಳಿಗೆ ದಾರಿಯೇ ಇಲ್ಲದಾಯಿತು. ಜನ ನಡುವೆ ನಿಂತರು, ಮುಟ್ಟಿದರು, ಮಕ್ಕಳನ್ನು ಅವುಗಳ ಬೆನ್ನ ಮೇಲೆ ಕೂರಿಸಿ ಫೋಟೋ ತೆಗೆದರು. ಎಷ್ಟೋ ಆಮೆಗಳು ಮೊಟ್ಟೆ ಇಡದೆ ವಾಪಸ್ ಹೋದವು. ಅದೇ ದೇಶದ ಇನ್ನೊಂದು ಕರಾವಳಿಯಲ್ಲಿ ಟೋರ್ಟುಗೆರೊ ಎಂಬ ತೀರ ಇದೆ. 1950ರ ದಶಕದಿಂದ ಆರ್ಚಿ ಕಾರ್ ಎಂಬ ಅಮೆರಿಕದ ವಿಜ್ಞಾನಿ ಅಲ್ಲಿ ಹಸಿರು ಆಮೆಗಳಿಗೆ ಗುರುತಿನ ಬಿಲ್ಲೆ ಹಾಕಿ ಅವು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಹುಡುಕಿದರು. ಕಡಲಾಮೆಗಳ ಬಗ್ಗೆ ಇವತ್ತು ನಮಗೆ ಗೊತ್ತಿರುವ ಎಷ್ಟೋ ಸಂಗತಿ ಶುರುವಾದದ್ದು ಅಲ್ಲಿಂದ. ಅಲ್ಲಿ ರಾತ್ರಿ ಗೈಡ್ ಇಲ್ಲದೆ ತೀರಕ್ಕೆ ಕಾಲಿಡುವಂತಿಲ್ಲ, ಕ್ಯಾಮೆರಾ ಪೂರ್ತಿ ನಿಷಿದ್ಧ. ನಾನು ಈ ನಿಯಮದ ಪರ, ಯಾವ ಅನುಮಾನವೂ ಇಲ್ಲದೆ.

ಬೆಳಕಿನಿಂದ ಬೆಳೆದ ಆಮೆಗೆ ತೊಂದರೆ, ಮರಿಗಳಿಗಂತೂ ಪ್ರಾಣಕ್ಕೇ ಸಂಚಕಾರ.

ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕು. ಹಂಗಾಮಿನ ಕೊನೆಗೆ ಹೋದರೆ ಒಂದು ಕಡೆ ಇನ್ನೂ ಮೊಟ್ಟೆ ಇಡುತ್ತಿರುತ್ತವೆ, ಇನ್ನೊಂದು ಕಡೆ ಮೊದಲು ಇಟ್ಟದ್ದು ಮರಿಯಾಗಿ ಹೊರಬರುತ್ತಿರುತ್ತದೆ. ನಮಗೆ ಆ ಅದೃಷ್ಟ ಇತ್ತು. ಸಂಜೆ ಕತ್ತಲಾದ ಮೇಲೆ ಒಂದು ಜಾಗದಲ್ಲಿ ಮರಳು ತಟ್ಟೆಯಷ್ಟು ಅಗಲಕ್ಕೆ ಸ್ವಲ್ಪ ಕುಸಿದಿತ್ತು. ಗೈಡ್ ಬೆರಳು ತುಟಿಗಿಟ್ಟರು. ಮೊದಲು ಒಂದು ಮೂಗು ಕಂಡಿತು. ಹೆಬ್ಬೆರಳಿನ ತುದಿಯಷ್ಟು. ಅದು ಅಲ್ಲಾಡಲಿಲ್ಲ, ಹತ್ತು ನಿಮಿಷ ಹಾಗೇ ಇತ್ತು. ಮರಿಗಳು ಒಳಗಿನಿಂದ ಮೇಲೆ ಬರಲು ಹಲವು ದಿನ ಹಿಡಿಯುತ್ತದೆ, ಎಲ್ಲವೂ ಸೇರಿ ಮರಳು ಕೆದರುತ್ತಾ ಏರುತ್ತವೆ. ಮೇಲಿನ ಮರಳು ಬಿಸಿ ಇದ್ದರೆ ಹಗಲು ಎಂದು ಅಲ್ಲೇ ನಿಲ್ಲುತ್ತವೆ. ತಣ್ಣಗಾದರೆ ರಾತ್ರಿ. ಆಮೇಲೆ ಇದ್ದಕ್ಕಿದ್ದಂತೆ ಮರಳು ಕುದಿಯುವ ಹಾಗಾಯಿತು. ಒಂದರ ಮೇಲೊಂದು ಹತ್ತಿ, ಉರುಳಿ, ಬಿದ್ದು, ಎದ್ದು, ಎಲ್ಲವೂ ಒಂದೇ ದಿಕ್ಕಿಗೆ.

ಆ ದಿಕ್ಕು ಅವಕ್ಕೆ ಹೇಗೆ ಗೊತ್ತು? ದಂಡೆಯ ಕಡೆ ಮರ, ದಿಣ್ಣೆ ಎಲ್ಲ ಕಪ್ಪಾಗಿ ಎತ್ತರಕ್ಕೆ ಕಾಣುತ್ತದೆ. ಕಡಲ ಕಡೆ ಬಾನಂಚು ತಗ್ಗಿನಲ್ಲಿದೆ, ಸ್ವಲ್ಪ ಬೆಳ್ಳಗಿದೆ. ಕತ್ತಲನ್ನು ಬಿಟ್ಟು ಬೆಳಕಿನ ಕಡೆಗೆ ಹೋಗು, ಇಷ್ಟೇ ಅವಕ್ಕೆ ಗೊತ್ತಿರುವುದು. ಕೋಟಿಗಟ್ಟಲೆ ವರ್ಷ ಈ ಲೆಕ್ಕ ತಪ್ಪಲಿಲ್ಲ. ಈಗ ದಂಡೆಯ ಕಡೆ ನಾವು ಉಳಿದುಕೊಳ್ಳುವ ಕೋಣೆಯ ಬಾಲ್ಕನಿ ದೀಪ ಇದೆ, ಈಜುಕೊಳದ ದೀಪ ಇದೆ, ರಸ್ತೆ ದೀಪ ಇದೆ. ಮರಿಗಳು ಅದರ ಕಡೆ ಹೋಗುತ್ತವೆ. ರಸ್ತೆಗೆ ಹತ್ತುತ್ತವೆ, ಏಡಿಗಳ ಪಾಲಾಗುತ್ತವೆ, ಬೆಳಗಾದ ಮೇಲೆ ಬಿಸಿಲಿಗೆ ಒಣಗುತ್ತವೆ. ಅವತ್ತು ನಮ್ಮ ಕಣ್ಣೆದುರೇ ಆರೇಳು ಮರಿ ಹೀಗೆ ಪಕ್ಕಕ್ಕೆ ತಿರುಗಿದವು. ದೂರದ ಒಂದು ಕೋಣೆಯಲ್ಲಿ ಯಾರೋ ಪರದೆ ಹಾಕದೆ ದೀಪ ಹಚ್ಚಿದ್ದರು. ನಮ್ಮಲ್ಲಿ ಒಬ್ಬಾಕೆ ಓಡಿ ಹೋಗಿ ಕದ ತಟ್ಟಿ ಹೇಳಿದರು. ದೀಪ ಆರಿತು. ಐದಾರು ನಿಮಿಷದಲ್ಲಿ ಮರಿಗಳು ಸುತ್ತಿ ಸುತ್ತಿ ಮತ್ತೆ ಕಡಲ ಕಡೆ ಮುಖ ಮಾಡಿದವು. ನಾನು ಕಣ್ಣಾರೆ ಕಂಡದ್ದು ಇದು. ಒಂದು ಸ್ವಿಚ್ ಒತ್ತಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ಮರಿಗಳನ್ನು ಎತ್ತಿ ನೀರಿಗೆ ಬಿಟ್ಟುಬಿಡೋಣ ಎಂದು ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತು. ಬೇಡ. ಮರಳಿನ ಮೇಲಿನ ಆ ನಡಿಗೆಯಲ್ಲೇ ಅವಕ್ಕೆ ದಿಕ್ಕು ಮೈಗೂಡುತ್ತದೆ, ನೀರಿಗಿಳಿದ ಮೇಲೆ ಅಲೆಗೆ ಎದುರಾಗಿ, ಆಮೇಲೆ ಭೂಮಿಯ ಕಾಂತ ಬಲವನ್ನು ಹಿಡಿದು ಅದೇ ದಿಕ್ಕಿನಲ್ಲಿ ಈಜುತ್ತವೆ. ಸುಮಾರು ಒಂದು ದಿನ ನಿಲ್ಲದೆ ಈಜಲು ಬೇಕಾದ ಕಸುವು ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯಿಂದ ಬರುತ್ತದೆ. ಹೀಗಿರುವಾಗ ಹಿಂದಿನ ರಾತ್ರಿ ಹುಟ್ಟಿದ ಮರಿಗಳನ್ನು ತೊಟ್ಟಿಯಲ್ಲಿಟ್ಟು, ಹಗಲು ಪ್ರವಾಸಿಗರ ಕೈಗೆ ಒಂದೊಂದು ಕೊಟ್ಟು ಕಡಲಿಗೆ ಬಿಡಿಸುವ ಕಡೆ ದಯವಿಟ್ಟು ಹೋಗಬೇಡಿ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಆ ಕಸುವೆಲ್ಲ ತೊಟ್ಟಿಯ ಗೋಡೆಗೆ ಬಡಿದುಕೊಂಡೇ ಮುಗಿದಿರುತ್ತದೆ. ಮೊದಲೇ ಸಾವಿರ ಮರಿಗಳಲ್ಲಿ ಒಂದು ದೊಡ್ಡದಾದರೆ ಹೆಚ್ಚು ಎನ್ನುವ ಅಂದಾಜಿದೆ.

ದೊಡ್ಡದಾಗುವುದು ಅಂದರೆ ಎಷ್ಟು ವರ್ಷ ಅಂತೀರಿ? ಹಸಿರು ಆಮೆಗೆ 25, 30, ಕೆಲವು ಕಡೆ ಇನ್ನೂ ಜಾಸ್ತಿ. ಅಷ್ಟು ವರ್ಷ ಕಡಲೆಲ್ಲ ಸುತ್ತಿ, ತಾನು ಹುಟ್ಟಿದ ಕರಾವಳಿಗೇ ಮರಳಿ ಬರುತ್ತದೆ. ಪ್ರತಿ ಕರಾವಳಿಯ ಕಾಂತ ಬಲಕ್ಕೂ ಒಂದು ಗುರುತಿದೆ, ಮರಿಯಾಗಿದ್ದಾಗ ಮನಸ್ಸಿನಲ್ಲಿ ಉಳಿದ ಆ ಗುರುತನ್ನು ಹಿಡಿದು ಬರುತ್ತದೆ ಎಂಬುದು ಈಗಿನ ತಿಳುವಳಿಕೆ. ಅಂದರೆ ನಾನು ಅವತ್ತು ನೋಡಿದ ತಾಯಿ ಆಮೆ ಅದೇ ಮರಳಿನಲ್ಲಿ ಹುಟ್ಟಿ ಹೋಗಿದ್ದು, ಬಹುಶಃ ಆ ಕಟ್ಟಡಗಳು ಒಂದೂ ಇಲ್ಲದಿದ್ದಾಗ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಲೇ ಇರುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಹತ್ತಿರ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನ ಉತ್ತರ ಭಾಗದ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ 99 ಹೆಣ್ಣೇ ಇದ್ದವು ಎಂದು 2018ರಲ್ಲಿ ವರದಿಯಾಯಿತು. ಆ ಅಂಕಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಹಾಗೆಂದು ಬರೀ ಕತ್ತಲ ಸುದ್ದಿ ಹೇಳಿ ಕಳಿಸುವುದಿಲ್ಲ. ಕೆಂಪ್ಸ್ ರಿಡ್ಲಿ ಎಂಬ ಆಮೆ ಇದೆ. ಮೆಕ್ಸಿಕೋದ ರಾಂಚೊ ನ್ಯೂಯೆವೊ ತೀರದಲ್ಲಿ 1947ರಲ್ಲಿ ಆಂಡ್ರೆಸ್ ಹೆರೆರಾ ಎಂಬ ಎಂಜಿನಿಯರ್ ಹಗಲು ಹೊತ್ತಿನಲ್ಲೇ ಇವು ದಂಡುದಂಡಾಗಿ ಬರುವುದನ್ನು ಚಿತ್ರೀಕರಿಸಿದರು. ಆ ಒಂದೇ ದಿನ ಸುಮಾರು 40,000 ಆಮೆಗಳಿದ್ದವು ಎಂದು ಆಮೇಲೆ ಅಂದಾಜು ಮಾಡಿದರು. 1985ಕ್ಕೆ ಗೂಡುಗಳ ಲೆಕ್ಕ 702ಕ್ಕೆ ಇಳಿಯಿತು, ಅದೂ ವರ್ಷಪೂರ್ತಿಗೆ. ಮೊಟ್ಟೆ ಬಾಚಿದ್ದು ಒಂದು ಕಾರಣ, ಸಿಗಡಿ ಹಿಡಿಯುವ ಬಲೆಗೆ ಸಿಕ್ಕಿ ಉಸಿರುಕಟ್ಟಿ ಸತ್ತದ್ದು ಇನ್ನೊಂದು. ಜನ ತೀರವನ್ನು ಕಾದರು, ಆಮೆ ತಪ್ಪಿಸಿಕೊಳ್ಳುವ ಕಿಂಡಿಯನ್ನು ಬಲೆಗಳಿಗೆ ಕೂರಿಸಿದರು. ಮೆಲ್ಲಗೆ ಮತ್ತೆ ಏರಿತು, ಈಗಲೂ ಪೂರ್ತಿ ಪಾರಾಗಿಲ್ಲ. ಹಸಿರು ಆಮೆಯನ್ನು 2025ರ ಅಕ್ಟೋಬರ್‌ನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ತನ್ನ ಕೆಂಪು ಪಟ್ಟಿಯಲ್ಲಿ ಅಪಾಯದ ದರ್ಜೆಯಿಂದ ಇಳಿಸಿ, ಸದ್ಯಕ್ಕೆ ಹೆಚ್ಚಿನ ಆತಂಕ ಇಲ್ಲದ ದರ್ಜೆಗೆ ಸೇರಿಸಿತು. ಹತ್ತಾರು ವರ್ಷ ರಾತ್ರಿ ನಿದ್ದೆಗೆಟ್ಟು ತೀರ ಕಾದವರ ಕೆಲಸ ಅದು.

ನೀರಿನಲ್ಲಿ ಸ್ನಾರ್ಕೆಲಿಂಗ್, ಅಂದರೆ ಉಸಿರುಕೊಳವೆ ಕಚ್ಚಿಕೊಂಡು ಮೇಲ್ಮೈಯಲ್ಲಿ ತೇಲುತ್ತಾ ಈಜುವುದನ್ನು ಮಾಡುವಾಗ ಆಮೆ ಸಿಕ್ಕರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಅಟ್ಟಿಸಿಕೊಂಡು ಹೋಗಬೇಡಿ, ಮುಟ್ಟಬೇಡಿ, ಮುಖ್ಯವಾಗಿ ಅದರ ನೆತ್ತಿಯ ಮೇಲೆ ತೇಲಬೇಡಿ. ಅದಕ್ಕೆ ಉಸಿರಾಡಲು ಮೇಲೆ ಬರಬೇಕು. ನೀವು ಒಂದು ಕಡೆ ಸುಮ್ಮನೆ ತೇಲುತ್ತಿದ್ದರೆ ಎಷ್ಟೋ ಸಲ ಅದೇ ಪಕ್ಕದಲ್ಲಿ ಹಾದು ಹೋಗುತ್ತದೆ.

ಫೋಟೋ ಇಲ್ಲದೆ ಮನೆಗೆ ಬಂದರೆ ಬೇಜಾರಾಗಲ್ವಾ ಎಂದು ಇನ್ನೊಬ್ಬರು ಕೇಳಿದರು. ನನ್ನ ಹತ್ತಿರ ಒಂದೂ ಫೋಟೋ ಇಲ್ಲ. ಆದರೂ ಆ ಹಿಂಗಾಲು ಮಡಚಿಕೊಂಡ ರೀತಿಯನ್ನು ಈಗಲೂ ಕೈಯಿಂದ ಮಾಡಿ ತೋರಿಸಬಲ್ಲೆ, ನೋಡಿ, ಹೀಗೆ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ. ಫ್ಲಾಶ್ ಹಾಕಿದಾಗ ತಿರುಗಿ ಹೋಯಿತಲ್ಲ, ಆ ಆಮೆ ಮತ್ತೆ ಬಂತಾ? ಹಾಗೆ ಹೋದ ಆಮೆ ಸಾಮಾನ್ಯವಾಗಿ ಅದೇ ರಾತ್ರಿ ಇಲ್ಲವೇ ಒಂದೆರಡು ದಿನದಲ್ಲಿ ಮತ್ತೆ ಪ್ರಯತ್ನ ಮಾಡುತ್ತದಮ್ಮ. ಮರುದಿನ ಬೆಳಿಗ್ಗೆ ಗೈಡ್ ಜೊತೆ ನಾನೂ ತೀರದುದ್ದಕ್ಕೂ ನಡೆದೆ. ಆ ಅರ್ಧಚಂದ್ರದ ಗುರುತಿನಿಂದ ಇನ್ನೂರು ಹೆಜ್ಜೆ ಆಚೆ ಹೊಸ ಜಾಡು ಇತ್ತು, ಟ್ರ್ಯಾಕ್ಟರ್ ಚಕ್ರ ಹಾದುಹೋದ ಹಾಗೆ, ಮೇಲಕ್ಕೊಂದು ಕೆಳಕ್ಕೊಂದು. ನಡುವೆ ಕೆದರಿದ ಮರಳು. ಅದೇ ಆಮೆಯೋ ಬೇರೆಯದೋ, ಬಿಲ್ಲೆ ಇಲ್ಲದ ಕಾರಣ ಹೇಳಲು ಬರುವುದಿಲ್ಲ ಎಂದರು ಅವರು. ಒಂದು ಕೋಲು ನೆಟ್ಟು, ಅದರ ಮೇಲೆ ತಾರೀಕು ಬರೆದು, ಮುಂದೆ ನಡೆದರು.